ಕಂದು ಚರ್ಮದ ವಿಕಾರರೂಪಿಗಳು

ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವ ತನ್ನ ವಾರ್‌ಹ್ಯಾಮರ್ ಎಂಬ ಯುದ್ಧದ ಆಟಕ್ಕಾಗಿ 1988ರಲ್ಲಿ ‘ಸ್ಲೇವ್ಸ್ ಟು ಡಾರ್ಕ್‌ನೆಸ್’ ಎಂಬ ದೊಡ್ಡ ಗಾತ್ರದ ಪುಸ್ತಕವೊಂದನ್ನು ಪ್ರಕಟಿಸಿತು. ಕೇಯಾಸ್ ಎಂಬ ದುಷ್ಟಶಕ್ತಿಗೆ ತಮ್ಮನ್ನು ಒಪ್ಪಿಸಿಕೊಂಡ ಯೋಧರ ಮೈ ಯಾವ ಯಾವ ಬಗೆಯಲ್ಲಿ ಕೆಡಬಹುದು ಎಂಬುದನ್ನು ದಾಳ ಉರುಳಿಸಿ ತೀರ್ಮಾನಿಸುವ ಕೋಷ್ಟಕವೊಂದು ಅದರಲ್ಲಿತ್ತು. ಅದರ ಸಂಖ್ಯೆಗಳು ಒಂದರಿಂದ ಸಾವಿರದವರೆಗೆ ಹರಡಿಕೊಂಡಿದ್ದವು. ಒಬ್ಬನಿಗೆ ಗೊರಸು ಮೂಡಿದರೆ ಇನ್ನೊಬ್ಬನಿಗೆ ಏಡಿಯ ಕೊಂಡಿ ಬರುತ್ತಿತ್ತು, ಮತ್ತೊಬ್ಬನ ತಲೆಯೇ ಮೃಗದ ತಲೆಯಾಗುತ್ತಿತ್ತು. ಕೇಯಾಸ್‌ನ ದೇವರು ಮೆಚ್ಚಿ ಕೊಟ್ಟ ವರವೇ ಮೈಮೇಲೆ ಕೊಂಬಾಗಿ ಬೆಳೆಯುವುದು, ವರಗಳು ಮಿತಿಮೀರಿದಾಗ ಯೋಧನು ಬುದ್ಧಿಯನ್ನೂ ಆಕಾರವನ್ನೂ ಕಳೆದುಕೊಂಡು ‘ಕೇಯಾಸ್ ಸ್ಪಾನ್’ ಎಂಬ ಮಾಂಸದ ಮುದ್ದೆಯಾಗುವುದು, ಇದು ಆ ಪುಸ್ತಕದ ಕಲ್ಪನೆ. 1990ರಲ್ಲಿ ‘ದಿ ಲಾಸ್ಟ್ ಆ್ಯಂಡ್ ದಿ ಡ್ಯಾಮ್ಡ್’ ಎಂಬ ಎರಡನೆಯ ಸಂಪುಟ ಬಂದಿತು. ಈ ಸಂಪುಟಗಳ ಲೋಕಕ್ಕೆ ರೂಪ ಕೊಟ್ಟವರಲ್ಲಿ ಜಾನ್ ಬ್ಲಾಂಚ್, ಇಯಾನ್ ಮಿಲ್ಲರ್, ಟೋನಿ ಆಕ್‌ಲ್ಯಾಂಡ್ ಮುಂತಾದ ಚಿತ್ರಕಾರರಿದ್ದರು.

ಆ ಕೋಷ್ಟಕದಿಂದ ಒಂದು ತೊಡಕೂ ಹುಟ್ಟಿತು, ಒಂದು ಹವ್ಯಾಸವೂ ಹುಟ್ಟಿತು. ದಾಳವು ಹೇಳಿದ ದೇಹಕ್ಕೆ ಸರಿಹೊಂದುವ ಬೊಂಬೆ ಅಂಗಡಿಯಲ್ಲಿ ಸಿಗುವ ಮಾತೇ ಇರಲಿಲ್ಲ. ಆದ್ದರಿಂದ ಆಟಗಾರರು ಲೋಹದ ಬೊಂಬೆಗಳ ಕೈಕಾಲುಗಳನ್ನು ಗರಗಸದಿಂದ ಕತ್ತರಿಸಿ, ಬೇರೆ ಬೊಂಬೆಯ ಅಂಗಗಳನ್ನು ಅಂಟಿಸಿ, ಸಂದುಗಳನ್ನು ಪುಟ್ಟಿಯಿಂದ ತುಂಬಿ, ತಮ್ಮ ತಮ್ಮ ವಿಕಾರಗಳನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. 1999ರಲ್ಲಿ ಬಂದ ‘ಮೋರ್ಡ್‌ಹೈಮ್’ ಆಟದಲ್ಲಿಯೂ ಧೂಮಕೇತು ಬಿದ್ದು ಹಾಳಾದ ನಗರದೊಳಗೆ ಅಲೆಯುವ ಇಂತಹುದೇ ಒಂದು ಪಂಥವಿದ್ದು, ಅದರ ಮ್ಯುಟೆಂಟ್‌ಗಳಿಗೆ, ಅಂದರೆ ವಿಕಾರರೂಪಿಗಳಿಗೆ, ಬೇಕಾದ ಅಂಗವಿಕಾರಗಳನ್ನು ಆಟಗಾರನೇ ಆಟದ ಹಣ ತೆತ್ತು ಆರಿಸಿಕೊಳ್ಳುವ ನಿಯಮವಿತ್ತು. ನಾನು ಈ ಆಟಗಳನ್ನು ಆಡಿದ್ದು ಬಹಳ ಕಡಿಮೆ. ಇಪ್ಪತ್ತೆಂಟು ಮಿಲಿಮೀಟರ್ ಅಳತೆಯ ಆ ಬೊಂಬೆಗಳನ್ನು ಕಟ್ಟುವುದು, ಅವುಗಳಿಗೆ ಬಣ್ಣ ಹಚ್ಚುವುದು, ಮುಗಿದ ಮೇಲೆ ಗಾಜಿನ ಕಪಾಟಿನಲ್ಲಿ ನಿಲ್ಲಿಸುವುದು, ಇಷ್ಟೇ ನನ್ನ ಆಸಕ್ತಿ.

ನೆಪೋಲಿಯನ್ ಕಾಲದ ಸೈನಿಕರ ಬೊಂಬೆಗಳಿಗೆ ಬಣ್ಣ ಹಚ್ಚುವವರು ಕೋಟಿನ ಕಾಲರು ಯಾವ ರೆಜಿಮೆಂಟಿನಲ್ಲಿ ಯಾವ ಬಣ್ಣದ್ದಾಗಿತ್ತು, ಗುಂಡಿಗಳು ಹಿತ್ತಾಳೆಯವೋ ಬೆಳ್ಳಿ ಬಣ್ಣದವೋ ಎಂದು ತಿಂಗಳುಗಟ್ಟಲೆ ಓದುತ್ತಾರೆ. ವಿಕಾರರೂಪಿಗೆ ಇಂತಹ ದಾಖಲೆಯೇ ಇಲ್ಲದಿರುವುದರಿಂದ ಅದರ ಬಣ್ಣ ತಪ್ಪೆಂದು ಯಾರೂ ಹೇಳಲಾರರು. ಈ ಸ್ವಾತಂತ್ರ್ಯ ಮೊದಮೊದಲು ಹಿತವಾಗಿಯೇ ಕಾಣುತ್ತದೆ. ಆದರೆ ಹಸಿರು ಮೈ, ನೇರಳೆ ನಾಲಗೆ, ಕೆಂಪು ಕಣ್ಣು, ಹಳದಿ ಕೀವು, ನೀಲಿ ಕೊಂಬು ಎಲ್ಲವೂ ಒಂದೇ ಬೊಂಬೆಯ ಮೇಲೆ ಸೇರಿದಾಗ ಅದು ಜಾತ್ರೆಯ ಆಟಿಕೆಯಂತೆ ಕಾಣುತ್ತದೆಯೇ ಹೊರತು ನೋಡುವವರಿಗೆ ಭಯವನ್ನಾಗಲಿ ಕನಿಕರವನ್ನಾಗಲಿ ಹುಟ್ಟಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಕಾರಣ ಒಂದೇ: ಕೆಟ್ಟದ್ದನ್ನು ಅಳೆಯಲು ಆ ದೇಹದ ಮೇಲೆ ಕೆಡದ ಭಾಗವೊಂದು ಉಳಿದಿರಬೇಕು. ಆದ್ದರಿಂದ ವಿಕಾರರೂಪಿಗೆ ಬಣ್ಣ ಹಚ್ಚುವವನು ಮೊದಲು ಕಲಿಯಬೇಕಾದದ್ದು ಆರೋಗ್ಯವಂತ ಮನುಷ್ಯನ ಚರ್ಮವನ್ನು.

ಬಲಗೈ ಏಡಿಯ ಕೊಂಡಿಯಾಗಿಯೂ ಎಡಗೈ ಮನುಷ್ಯನ ಕೈಯಾಗಿಯೂ ಇರುವ ಬೊಂಬೆಯೊಂದನ್ನು ತೆಗೆದುಕೊಳ್ಳಿ. ಹೊಸಬರು ಕೊಂಡಿಯನ್ನು ವಾರವಿಡೀ ಚಿತ್ರಿಸಿ, ಎಡಗೈಗೆ ಒಂದೇ ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಾರೆ. ನಾನು ಎಡಗೈಯಿಂದಲೇ ಆರಂಭಿಸುತ್ತೇನೆ. ಬೆರಳ ಗೆಣ್ಣುಗಳು, ಅವುಗಳ ನಡುವಿನ ನೆರಳು, ಉಗುರಿನ ಬುಡದ ತಿಳಿ ಬಣ್ಣ, ಮಣಿಕಟ್ಟಿನ ಒಳಬದಿಯ ನರ ಇವೆಲ್ಲ ಸರಿಯಾಗಿ ಮೂಡಿದರೆ, ನೋಡುವವರು ತಮಗರಿವಿಲ್ಲದೆಯೇ ಆ ಕೈಯನ್ನು ತಮ್ಮ ಕೈಯೊಂದಿಗೆ ಹೋಲಿಸಿಕೊಳ್ಳುತ್ತಾರೆ, ಅನಂತರ ಅವರ ದೃಷ್ಟಿ ಬಲಗಡೆಗೆ ಹೊರಳುತ್ತದೆ. ಕೊಂಡಿಯ ಚಿಪ್ಪನ್ನು ಚಿತ್ರಿಸುವುದು ನಿಜಕ್ಕೂ ಸುಲಭ. ಕಷ್ಟವಿರುವುದು ಚರ್ಮ ಮುಗಿದು ಚಿಪ್ಪು ಆರಂಭವಾಗುವ ಆ ಮೂರು ಮಿಲಿಮೀಟರಿನ ಗಡಿಯಲ್ಲಿ. ಅಲ್ಲಿ ಚರ್ಮವು ಮೊದಲು ಎಳೆದಂತಾಗಿ ಹೊಳೆಯುತ್ತದೆ, ಬಳಿಕ ಉರಿಯೆದ್ದು ಕೆಂಪೇರುತ್ತದೆ, ಬಳಿಕ ಒಣಗಿ ಹಕ್ಕಳೆಗಟ್ಟುತ್ತದೆ, ಕೊನೆಗೆ ಜಡ್ಡಿನಂತೆ ಗಟ್ಟಿಯಾಗಿ ಚಿಪ್ಪಿನೊಳಗೆ ಕರಗಿಹೋಗುತ್ತದೆ. ಈ ನಾಲ್ಕು ಹಂತಗಳನ್ನು ನೀರು ಬೆರೆಸಿದ ತೆಳು ಬಣ್ಣದ ಪದರಗಳಲ್ಲಿ, ಅಂದರೆ ಗ್ಲೇಜ್‌ಗಳಲ್ಲಿ, ಒಂದರ ಮೇಲೊಂದರಂತೆ ತಂದರೆ ಆ ಕೊಂಡಿ ಅಂಟಿಸಿದ್ದೆಂದು ತೋರದೆ ಮೈಯಿಂದಲೇ ಬೆಳೆದದ್ದೆಂದು ತೋರುತ್ತದೆ. 2019ರಲ್ಲಿ ಬಂದ ಗೇಮ್ಸ್ ವರ್ಕ್‌ಶಾಪಿನ ಕಾಂಟ್ರಾಸ್ಟ್ ಬಣ್ಣಗಳು ಒಂದೇ ಲೇಪದಲ್ಲಿ ಹಳ್ಳಗಳಿಗೆ ನೆರಳನ್ನೂ ಉಬ್ಬುಗಳಿಗೆ ಬೆಳಕನ್ನೂ ತರುತ್ತವೆ. ಸೈನ್ಯವೊಂದನ್ನು ಬೇಗ ಮುಗಿಸಬೇಕಾದವರಿಗೆ ಅವು ದೊಡ್ಡ ಉಪಕಾರವೇ ಸರಿ. ಆದರೆ ಇಂತಹ ಗಡಿಗಳಲ್ಲಿ ನನಗೆ ಬೇಕಾದ ಏರಿಳಿತವನ್ನು ಅವು ತಾವಾಗಿ ಕೊಡುವುದಿಲ್ಲ.

ಈ ವಿಷಯದಲ್ಲಿ ನಾನು ಗುರುವೆಂದು ಭಾವಿಸಿರುವುದು ಬೊಂಬೆಗಳ ಲೋಕಕ್ಕೆ ಸೇರಿದವರನ್ನಲ್ಲ, ಹದಿನಾರನೆಯ ಶತಮಾನದ ಜರ್ಮನ್ ಚಿತ್ರಕಾರ ಮಥಿಯಾಸ್ ಗ್ರೂನೆವಾಲ್ಡನನ್ನು. ಫ್ರಾನ್ಸಿನ ಕೋಲ್ಮಾರ್ ನಗರದ ಉಂಟರ್‌ಲಿಂಡನ್ ವಸ್ತುಸಂಗ್ರಹಾಲಯದಲ್ಲಿರುವ ಅವನ ಇಸೆನ್‌ಹೈಮ್ ಪೂಜಾವೇದಿಕೆಯ ಚಿತ್ರಗಳು ಸುಮಾರು 1512ರಿಂದ 1516ರ ನಡುವೆ ರಚನೆಯಾದವು. ಸಂತ ಆಂಟನಿಯನ್ನು ಪಿಶಾಚಿಗಳು ಮುತ್ತಿಕೊಂಡಿರುವ ಫಲಕದ ಕೆಳಗಿನ ಎಡಮೂಲೆಯಲ್ಲಿ ಹೊಟ್ಟೆ ಊದಿಕೊಂಡು, ಮೈತುಂಬ ಹುಣ್ಣೆದ್ದು, ಜಾಲಪಾದಗಳನ್ನು ಚಾಚಿ ಒರಗಿಕೊಂಡಿರುವ ಜೀವಿಯೊಂದಿದೆ. ಈ ಪೂಜಾವೇದಿಕೆ ಮೊದಲಿದ್ದ ಇಸೆನ್‌ಹೈಮ್‌ನ ಮಠದಲ್ಲಿ ಆರೈಕೆ ಪಡೆಯುತ್ತಿದ್ದವರು ‘ಸಂತ ಆಂಟನಿಯ ಬೆಂಕಿ’ ಎಂದು ಕರೆಯಲಾಗುತ್ತಿದ್ದ ಕಾಯಿಲೆಯವರು. ರೈ ಧಾನ್ಯಕ್ಕೆ ತಗಲುವ ಅರ್ಗಟ್ ಎಂಬ ಶಿಲೀಂಧ್ರದ ವಿಷದಿಂದ ಅವರ ಕೈಕಾಲುಗಳು ಸುಟ್ಟಂತೆ ಉರಿದು ಕೊಳೆಯುತ್ತಿದ್ದವು. ಸುತ್ತಲಿನ ಪಿಶಾಚಿಗಳಿಗೆ ಕೊಕ್ಕು, ಕೊಂಬು, ರೆಕ್ಕೆಗಳೆಲ್ಲ ಇದ್ದರೂ ನೋಡುವವರ ಕಣ್ಣು ಈ ರೋಗಿಯ ಮೇಲೆಯೇ ನಿಲ್ಲುತ್ತದೆ, ಏಕೆಂದರೆ ಅವನ ಹುಣ್ಣುಗಳು ಯಾವುದೋ ನಿಜವಾದ ಚರ್ಮದ ಮೇಲೆ ಎದ್ದಿವೆ. ವಾರ್‌ಹ್ಯಾಮರ್ ಲೋಕದಲ್ಲಿ ಕೊಳೆತ ಮತ್ತು ರೋಗಗಳ ಅಧಿದೇವತೆಯಾದ ನರ್ಗಲ್‌ನ ಗಣಗಳಿಗೆ ಬಣ್ಣ ಹಚ್ಚುವಾಗಲೆಲ್ಲ ನಾನು ಈ ಮೂಲೆಯ ಮುದ್ರಿತ ಪ್ರತಿಯೊಂದನ್ನು ಮೇಜಿನ ಮೇಲಿಟ್ಟುಕೊಳ್ಳುತ್ತೇನೆ.

ಇಲ್ಲಿಯವರೆಗೆ ಹೇಳಿದ್ದನ್ನು ಯಾವ ದೇಶದ ಹವ್ಯಾಸಿಯೂ ಹೇಳಬಹುದಿತ್ತು. ನನಗೆ ನಿಜವಾಗಿ ಸವಾಲಾದದ್ದು ಚರ್ಮದ ಬಣ್ಣ. ಈ ಹವ್ಯಾಸದ ಕೈಪಿಡಿಗಳಲ್ಲಿ ಬಹುಪಾಲು ಚರ್ಮವೆಂದರೆ ಬಿಳಿಯರ ಚರ್ಮವೆಂದೇ ಊಹಿಸಿಕೊಂಡು ಬರೆದವು. ಕೇಡಿಯನ್ ಫ್ಲೆಶ್‌ಟೋನ್, ಕಿಸ್ಲೆವ್ ಫ್ಲೆಶ್ ಎಂಬ ಹೆಸರಿನ, ಗೇಮ್ಸ್ ವರ್ಕ್‌ಶಾಪಿನದೇ ಆದ ಸಿಟಾಡೆಲ್ ಬಣ್ಣಗಳು ಗುಲಾಬಿ ಛಾಯೆಯ ತಿಳಿ ಬಣ್ಣಗಳೇ. ಅಂತಹ ಚರ್ಮದ ಮೇಲೆ ಕೆಡುಕನ್ನು ತೋರಿಸುವುದು ಕಷ್ಟವಲ್ಲ. ತುಸು ನೇರಳೆ ವಾಶ್, ಅಂದರೆ ಹಳ್ಳಗಳಿಗೆ ಇಳಿಯುವ ತೆಳು ಬಣ್ಣ, ಹರಿಸಿದರೆ ಬಾಸುಂಡೆಯಾಯಿತು, ತುಸು ಹಸಿರು ಹರಿಸಿದರೆ ಕೊಳೆತವಾಯಿತು, ತುಸು ಕೆಂಪು ಹರಿಸಿದರೆ ಉರಿಯೂತವಾಯಿತು. ಆದರೆ ನಾನು ಹುಟ್ಟಿದಂದಿನಿಂದ ನೋಡುತ್ತಿರುವ ಮೈಗಳು ಕಂದು ಬಣ್ಣದವು. ನನ್ನ ಕಪಾಟಿನ ವಿಕಾರರೂಪಿಗಳು ಒಂದು ಕಾಲದಲ್ಲಿ ಮನುಷ್ಯರಾಗಿದ್ದರೆಂದು ನನಗೇ ಅನ್ನಿಸಬೇಕಾದರೆ ಅವುಗಳ ಮೈ ನನಗೆ ಪರಿಚಿತವಾದ ಮೈಯಾಗಿರಬೇಕು.

ಕಂದು ಚರ್ಮಕ್ಕೆ ನಾನು ರೈನಾಕ್ಸ್ ಹೈಡ್‌ನಂತಹ ಗಾಢ ಕಂದನ್ನು ತಳಪದರವಾಗಿ ಹಚ್ಚಿ, ಅದಕ್ಕೆ ಕೆಂಪು ಮಣ್ಣಿನ ಛಾಯೆಯ ಮೋರ್ನ್‌ಫ್ಯಾಂಗ್ ಬ್ರೌನ್ ಬೆರೆಸುತ್ತ ಮೇಲೇರುತ್ತೇನೆ. ಇಲ್ಲಿ ಬಿಳಿ ಬಣ್ಣವನ್ನು ಬೆರೆಸಿ ಬೆಳಕು ತರಲು ಹೊರಟರೆ ಮೈ ಬೂದಿ ಬಳಿದಂತೆ ಸತ್ತುಹೋಗುತ್ತದೆ. ಬೆಳಕಿಗೆ ಹಳದಿ ಮಣ್ಣಿನ ಬಣ್ಣವಾದ ಯೆಲ್ಲೋ ಓಕರ್ ಅಥವಾ ಕಿತ್ತಳೆ ಛಾಯೆಯನ್ನೇ ಬಳಸಬೇಕು. ಕೊನೆಯದಾಗಿ ಹೆಗಲ ತುದಿ, ಮೂಗಿನ ಸೇತುವೆ, ಹಣೆಯ ಉಬ್ಬು ಇಂತಹ ಕಡೆಗಳಲ್ಲಿ ಮಾತ್ರ ತುಸು ತಣ್ಣನೆಯ ನೀಲಿಬೂದು ಚುಕ್ಕೆಯಿಟ್ಟರೆ ಆಕಾಶದ ಬೆಳಕು ಬೆವರಿದ ಮೈಯ ಮೇಲೆ ಬಿದ್ದಂತೆ ಕಾಣುತ್ತದೆ. ನೆರಳಿಗೆ ಕಪ್ಪನ್ನು ಬಳಸದೆ ಡ್ರೂಕಿ ವಯಲೆಟ್‌ನಂತಹ ನೇರಳೆ ವಾಶನ್ನು ಬಳಸುವುದು ಮೇಲು. ಅಂಗೈ, ಅಂಗಾಲುಗಳನ್ನು ಬೇರೆಯಾಗಿಯೇ ಚಿತ್ರಿಸಬೇಕು. ಅವು ತಿಳಿಯಾಗಿರುತ್ತವೆ, ಆದರೆ ಅಂಗೈಯ ರೇಖೆಗಳು ಗಾಢ ಕಂದಾಗಿಯೇ ಉಳಿಯುತ್ತವೆ. ಮೊಣಕೈ, ಮಂಡಿ, ಬೆರಳ ಗೆಣ್ಣುಗಳು ಸುತ್ತಲಿನ ಚರ್ಮಕ್ಕಿಂತ ಒಂದು ಪಾಲು ಕಪ್ಪಗಿರುತ್ತವೆ. ಬಿಳಿ ಚರ್ಮದ ಪಾಠಗಳಲ್ಲಿ ಇವೇ ಜಾಗಗಳಿಗೆ ಗುಲಾಬಿ ಹಚ್ಚಲು ಹೇಳಿರುತ್ತಾರೆ.

ವಿಕಾರದ ಸರದಿ ಬರುವುದು ಇದರ ಬಳಿಕ, ಮತ್ತು ಇಲ್ಲಿ ಪಾಶ್ಚಾತ್ಯ ಕೈಪಿಡಿಗಳು ಹೆಚ್ಚೇನೂ ನೆರವಾಗುವುದಿಲ್ಲ. ನಮ್ಮ ಮೈಮೇಲೆ ಪೆಟ್ಟು ಬಿದ್ದ ಜಾಗವು ನೀಲಿಯಾಗಿ ಎದ್ದು ಕಾಣುವುದಕ್ಕಿಂತ ಹೆಚ್ಚಾಗಿ ಕಪ್ಪುಗಟ್ಟಿ, ಅಂಚಿನಲ್ಲಿ ಮಾತ್ರ ಮಾಸಲು ಹಳದಿಯಾಗುತ್ತದೆ. ಉರಿಯೂತವು ಟೊಮೆಟೊ ಕೆಂಪಲ್ಲ, ಇಟ್ಟಿಗೆ ಮತ್ತು ನೇರಳೆಗಳ ನಡುವಿನ ಒಂದು ಬಿಸಿ ಬಣ್ಣ. ಹಳೆಯ ಕುರುವಿನ ಕಲೆ ಸುತ್ತಲಿನ ಚರ್ಮಕ್ಕಿಂತ ಗಾಢವಾಗಿ ವರ್ಷಗಟ್ಟಲೆ ಉಳಿಯುತ್ತದೆ. ಆಳವಾಗಿ ಸುಟ್ಟ ಗಾಯವಾದರೆ ಮಾಸಿದ ಮೇಲೆ ತಿಳಿಗುಲಾಬಿಯ ಹೊಳಪು ಚರ್ಮ ಬರಬಹುದು. ಹೊಸದಾಗಿ ಬಿರಿದ ಗಾಯದ ಒಳಗಿನ ಮಾಂಸ ಮಾತ್ರ ಎಲ್ಲ ಮನುಷ್ಯರಲ್ಲಿಯೂ ಒಂದೇ ಕೆಂಪು. ಕಂದು ಚರ್ಮದ ನಡುವೆ ಆ ಕೆಂಪು ಎಷ್ಟು ತೀಕ್ಷ್ಣವಾಗಿ ಕಾಣುತ್ತದೆಂದರೆ, ಒಂದು ಬೊಂಬೆಗೆ ಒಂದೇ ಕಡೆ ಅದನ್ನು ಬಳಸಿದರೂ ಸಾಕಾಗುತ್ತದೆ. ನಾನು ಈಚೆಗೆ ಮುಗಿಸಿದ ಸ್ಪಾನ್‌ನ ಬೆನ್ನು ಸೀಳಿ ಎರಡನೆಯ ಬಾಯೊಂದು ತೆರೆದುಕೊಂಡಿದೆ. ಮೈಯುದ್ದಕ್ಕೂ ಕಂದು, ನೇರಳೆ, ಓಕರ್‌ಗಳಷ್ಟನ್ನೇ ಬಳಸಿ, ಆ ಬಾಯಿಯ ಒಸಡಿಗೆ ಮಾತ್ರ ಹಸಿ ಗುಲಾಬಿ ಕೆಂಪನ್ನು ಮೀಸಲಿಟ್ಟೆ. ಗಾಢ ಹಸಿರು ಕೀವನ್ನು ಹಾಕಬೇಕೆಂಬ ಆಸೆಯಾಗಿತ್ತು, ಹಾಕಲಿಲ್ಲ.

ಈ ಹವ್ಯಾಸದಲ್ಲಿ ನಾನು ಹಾಕಿಕೊಂಡ ಗಡಿಯೊಂದಿದೆ. ರೋಗವನ್ನು ಪಾಪದ ಗುರುತಾಗಿ ಕಾಣುವ ಹಳೆಯ ಯೂರೋಪಿನ ಕಲ್ಪನೆ ಕೇಯಾಸ್ ಬೊಂಬೆಗಳ ತಳಹದಿಯಲ್ಲಿದೆ. ನಮ್ಮಲ್ಲಿಯೂ ಕುಷ್ಠ, ತೊನ್ನುಗಳನ್ನು ಪೂರ್ವಜನ್ಮದ ಕರ್ಮಕ್ಕೆ ಕಟ್ಟುವವರು ಇನ್ನೂ ಇದ್ದಾರೆ, ತೊನ್ನಿನ ಕಾರಣಕ್ಕೆ ಮದುವೆಗಳು ಮುರಿದುಬಿದ್ದಿವೆ. ಕಂದು ಚರ್ಮದ ಮೇಲೆ ಬಿಳಿ ಮಚ್ಚೆಗಳನ್ನು ಚಿತ್ರಿಸಿದರೆ ಬಣ್ಣದ ದೃಷ್ಟಿಯಿಂದ ಅತ್ಯಂತ ಪರಿಣಾಮಕಾರಿಯಾಗಿರುತ್ತದೆಂದು ನನಗೆ ಗೊತ್ತು, ಆದರೂ ನಾನು ಅದನ್ನು ಮಾಡುವುದಿಲ್ಲ. ನನ್ನ ಸುತ್ತಲಿನ ಯಾರೇ ಆಗಲಿ ಕಪಾಟಿನ ಮುಂದೆ ನಿಂತು ತಮ್ಮ ಮೈಯ ಗುರುತನ್ನು ರಾಕ್ಷಸನ ಮೈಮೇಲೆ ಕಾಣುವಂತಾಗಬಾರದು. ಏಡಿಯ ಕೊಂಡಿ, ಬೆನ್ನಿನ ಬಾಯಿ, ಚೇಳಿನ ಬಾಲ, ಹೊಟ್ಟೆಯಲ್ಲಿ ಕಣ್ಣು ಇವು ಯಾರ ನೋವೂ ಅಲ್ಲದ್ದರಿಂದ ಅವುಗಳಲ್ಲಿ ನಾನು ನಿಶ್ಚಿಂತೆಯಿಂದ ಮುಳುಗುತ್ತೇನೆ. ಗ್ರೂನೆವಾಲ್ಡನ ಮಾತು ಬೇರೆ. ಅವನ ಚಿತ್ರದ ಮುಂದೆ ಮಲಗಿದ್ದವರು ಅದೇ ಕಾಯಿಲೆಯವರಾಗಿದ್ದರು, ಅಲ್ಲಿ ಅವರು ತಮ್ಮನ್ನು ತಾವು ಗುರುತಿಸಿಕೊಳ್ಳಲೆಂದೇ ಆ ಜೀವಿಯಿತ್ತೆಂದು ನನಗನ್ನಿಸುತ್ತದೆ.

ಅಂಗಗಳನ್ನು ಕಟ್ಟುವ ಸಾಮಗ್ರಿಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಜಗತ್ತಿನೆಲ್ಲೆಡೆ ಹವ್ಯಾಸಿಗಳು ಬಳಸುವುದು ಗ್ರೀನ್ ಸ್ಟಫ್ ಎಂಬ ಎಪಾಕ್ಸಿ ಪುಟ್ಟಿಯನ್ನು. ನೀಲಿ ಮತ್ತು ಹಳದಿ ಪಟ್ಟಿಗಳನ್ನು ಸಮವಾಗಿ ಮಿದ್ದಿದರೆ ಅದು ಹಸಿರಾಗಿ, ಸುಮಾರು ಒಂದು ಗಂಟೆಯ ಕಾಲ ಮಿದುವಾಗಿದ್ದು, ಬಳಿಕ ರಬ್ಬರಿನಂತೆ ಬಾಗುವ ಗಟ್ಟಿತನ ಪಡೆಯುತ್ತದೆ. ನಮ್ಮಲ್ಲಿ ಪ್ರತಿ ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಸಿಗುವ ಎಂ-ಸೀಲ್ ಕೂಡ ಎಪಾಕ್ಸಿ ಪುಟ್ಟಿಯೇ. ಬೇಗ ಗಟ್ಟಿಯಾಗುವುದರಿಂದ ಗೂನು, ಊದಿದ ಹೊಟ್ಟೆ, ದಪ್ಪ ಬಾಹುಗಳ ಒಳತಿರುಳಿಗೆ ನಾನು ಅದನ್ನು ಬಳಸಿ, ಮೇಲಿನ ತೆಳು ಚರ್ಮ, ಸುಕ್ಕು, ನರುಳ್ಳೆಗಳಿಗೆ ಮಾತ್ರ ದುಬಾರಿಯಾದ ಗ್ರೀನ್ ಸ್ಟಫ್ ಬಳಸುತ್ತೇನೆ. ಉಪಕರಣಕ್ಕೆ ತುಸು ನೀರನ್ನೋ ವ್ಯಾಸಲೀನನ್ನೋ ಸವರಿಕೊಂಡರೆ ಪುಟ್ಟಿ ಅಂಟುವುದಿಲ್ಲ. ಪ್ಲಾಸ್ಟಿಕ್ ಸ್ಪಾನ್ ಕಿಟ್ಟಿನಲ್ಲಿ ಎರಡು ಬೊಂಬೆಗಳಿಗೆ ಸಾಕಾಗುವಷ್ಟು ತಲೆ, ಬಾಹು, ಬಾಲಗಳಿದ್ದು ಮಿಕ್ಕಿದವು ಡಬ್ಬಿಯಲ್ಲಿ ಉಳಿಯುತ್ತವೆ. ಆ ಡಬ್ಬಿಯೇ ನನ್ನ ದೊಡ್ಡ ಆಸ್ತಿ.

ಬ್ರಷ್ಷಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೂರು ಸೊನ್ನೆಯ ಬ್ರಷ್ಷು ಬೇಡ. ಅದರ ಹೊಟ್ಟೆಯಲ್ಲಿ ಹಿಡಿಯುವ ಹನಿ ಬೊಂಬೆಯನ್ನು ತಲುಪುವ ಮೊದಲೇ ಒಣಗಿರುತ್ತದೆ. ತುದಿ ಚೂಪಾಗಿರುವ ಒಂದು ಅಥವಾ ಎರಡನೆಯ ನಂಬರಿನ ಬ್ರಷ್ಷಿನಿಂದ ಕಣ್ಣಿನ ಪಾಪೆಯನ್ನೂ ಚಿತ್ರಿಸಬಹುದು. ಸೈಬೀರಿಯಾ ಕಡೆಯ ವೀಸಲ್ ಎಂಬ, ಮುಂಗುಸಿಯಂತೆ ಕಾಣುವ ಪ್ರಾಣಿಯ ಬಾಲದ ಕೂದಲಿನಿಂದ ಮಾಡುವ ಕೊಲಿನ್ಸ್ಕಿ ಸೇಬಲ್ ಬ್ರಷ್ಷುಗಳು ಅತ್ಯುತ್ತಮವೆಂಬುದು ಹವ್ಯಾಸಿಗಳ ಒಮ್ಮತ. ನಮ್ಮ ದೇಶದಲ್ಲಿ ಕದ್ದುಮುಚ್ಚಿ ಮಾರಾಟವಾಗುವ ಮುಂಗುಸಿ ಕೂದಲಿನ ಬ್ರಷ್ಷುಗಳನ್ನು ಯಾರೂ ಕೊಳ್ಳಬಾರದು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವು ನಿಷಿದ್ಧ, ಅವುಗಳಿಗಾಗಿ ಮುಂಗುಸಿಗಳನ್ನು ಕೊಲ್ಲುತ್ತಾರೆ. ನಾನು ಸಿಂಥೆಟಿಕ್ ಬ್ರಷ್ಷುಗಳಲ್ಲಿಯೇ ಕೆಲಸ ಸಾಗಿಸುತ್ತೇನೆ, ತುದಿ ಕೊಕ್ಕೆಯಾದೊಡನೆ ಅವನ್ನು ಪುಟ್ಟಿಯ ಕೆಲಸಕ್ಕೆ ಇಳಿಸುತ್ತೇನೆ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ನಾನಿರುವ ಕರಾವಳಿಯಲ್ಲಿ ಜೂನ್ ತಿಂಗಳಿಂದ ಮಳೆ ನಿಲ್ಲುವವರೆಗೆ ಬಣ್ಣಕ್ಕೆ ಮೊದಲಿನ ತಳಲೇಪವಾದ ಸ್ಪ್ರೇ ಪ್ರೈಮರನ್ನು ಹೊಡೆಯುವಂತೆಯೇ ಇಲ್ಲ, ಗಾಳಿಯ ತೇವದಿಂದ ಅದು ಮಂಜು ಹಿಡಿದಂತೆ ಒರಟಾಗುತ್ತದೆ. ಆಗ ಬ್ರಷ್ಷಿನಿಂದಲೇ ಹಚ್ಚುವ ಪ್ರೈಮರು ಬೇಕು. ಏಪ್ರಿಲ್‌ನಲ್ಲಿಯಾದರೆ ಫ್ಯಾನಿನಡಿ ಅಕ್ರಿಲಿಕ್ ಬಣ್ಣ ತಟ್ಟೆಯಲ್ಲಿಯೇ ಕೆನೆಗಟ್ಟುತ್ತದೆ. ಮುಚ್ಚಳವಿರುವ ತಟ್ಟೆಯಲ್ಲಿ ಒದ್ದೆ ಸ್ಪಂಜನ್ನು ಹಾಸಿ, ಮೇಲೆ ಬೇಕಿಂಗ್ ಪೇಪರನ್ನು ಹರಡಿ ಮಾಡಿಕೊಂಡ ವೆಟ್ ಪ್ಯಾಲೆಟ್ ಇಲ್ಲದೆ ಗ್ಲೇಜ್ ಕೆಲಸ ಇಲ್ಲಿ ಅಸಾಧ್ಯ.

ಕರಾವಳಿಯವನಾದ್ದರಿಂದ ನನಗೆ ತೆಂಕುತಿಟ್ಟಿನ ಯಕ್ಷಗಾನದ ಬಣ್ಣದ ವೇಷದ ನೆನಪಾಗದೆ ಇರದು. ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿದ ಹಿಟ್ಟಿನಿಂದ ಮುಖದ ಮೇಲೆ ಚಿಟ್ಟಿಯನ್ನು ಚುಕ್ಕೆ ಚುಕ್ಕೆಯಾಗಿ ಇಡುತ್ತ, ಗಂಟೆಗಟ್ಟಲೆ ಕನ್ನಡಿಯ ಮುಂದೆ ಕುಳಿತು ಕಲಾವಿದನು ತನ್ನ ಮುಖವನ್ನೇ ರಾಕ್ಷಸನನ್ನಾಗಿ ಕಟ್ಟಿಕೊಳ್ಳುತ್ತಾನೆ. ಅಲ್ಲಿಯ ಉಗ್ರತೆಗೆ ಎಡಬಲಗಳ ಸಮತೋಲವಿದೆ, ಕೇಯಾಸ್ ಬೊಂಬೆಯ ವಿಕಾರವಿರುವುದೇ ಆ ಸಮತೋಲ ಕದಡುವುದರಲ್ಲಿ. ಆದ್ದರಿಂದ ಇವೆರಡನ್ನು ಒಂದೇ ಎಂದು ನಾನು ಹೇಳಲಾರೆ. ಆದರೆ ಉತ್ಪ್ರೇಕ್ಷೆಯ ಲೆಕ್ಕಾಚಾರ ಮಾತ್ರ ಎರಡರಲ್ಲೂ ಒಂದೇ. ಬಯಲಿನ ಕೊನೆಯ ಸಾಲಿನವನಿಗೂ ದೀಪದ ಬೆಳಕಿನಲ್ಲಿ ಮುಖ ಓದುವಂತಾಗಬೇಕೆಂದು ಅಲ್ಲಿ ಗೆರೆಗಳು ದಪ್ಪವಾಗುತ್ತವೆ. ಇಲ್ಲಿ ಬೊಂಬೆಯ ಮೈ ಎಷ್ಟು ಚಿಕ್ಕದೆಂದರೆ ಅದರ ಸ್ನಾಯುಗಳ ಮೇಲೆ ನಿಜವಾದ ಬೆಳಕು ನೆರಳನ್ನೇ ಮೂಡಿಸುವುದಿಲ್ಲ, ಹಾಗಾಗಿ ಬೆಳಕನ್ನೂ ನೆರಳನ್ನೂ ನಾವೇ ಬಣ್ಣದಲ್ಲಿ, ನಿಜಕ್ಕಿಂತ ಎರಡು ಪಾಲು ಗಟ್ಟಿಯಾಗಿ, ಬರೆಯಬೇಕು. ಮೊದಲು ಕಪ್ಪು ಪ್ರೈಮರ್ ಹಚ್ಚಿ, ನೆತ್ತಿಯ ಮೇಲಿಂದ ಮಾತ್ರ ತಿಳಿ ಬಣ್ಣವನ್ನು ಸಿಂಪಡಿಸಿಕೊಂಡರೆ ಸೂರ್ಯ ನಡುನೆತ್ತಿಯಲ್ಲಿದ್ದಾಗ ಎಲ್ಲೆಲ್ಲಿ ಬೆಳಕು ಬೀಳುತ್ತದೆಂಬ ನಕ್ಷೆ ತಾನಾಗಿ ಸಿಗುತ್ತದೆ.

ಕೊನೆಯ ಹಂತ ಒದ್ದೆತನದ್ದು. ಬೊಂಬೆಗೆ ಮೊದಲು ಪೂರ್ತಿ ಮ್ಯಾಟ್ ವಾರ್ನಿಶ್ ಹೊಡೆದು ಹೊಳಪನ್ನೆಲ್ಲ ಕೊಂದುಬಿಡಬೇಕು. ಅದು ಒಣಗಿದ ಮೇಲೆ ನಾಲಗೆ, ಒಸಡು, ಕಣ್ಣು, ತೆರೆದ ಗಾಯ ಇಷ್ಟಕ್ಕೆ ಮಾತ್ರ ಹೊಳಪು ತರುವ ಗ್ಲಾಸ್ ವಾರ್ನಿಶ್ಶನ್ನು ಬ್ರಷ್ಷಿನ ತುದಿಯಿಂದ ಮುಟ್ಟಿಸಬೇಕು. ಕಣ್ಣಿನ ಬಿಳಿಗೆ ಅಪ್ಪಟ ಬಿಳಿಯನ್ನು ಬಳಸಿದರೆ ಬೊಂಬೆ ಬೆಚ್ಚಿಬಿದ್ದಂತೆ ಕಾಣುತ್ತದೆ, ದಂತದ ಬಣ್ಣಕ್ಕೆ ತುಸು ಕೆಂಪು ಬೆರೆಸಿದರೆ ನಿದ್ದೆಗೆಟ್ಟ ಜೀವ ಬರುತ್ತದೆ. ಬಾಯಿಂದ ಜೊಲ್ಲು ಸುರಿಯಬೇಕಾದರೆ ಪಾರದರ್ಶಕ ಅಂಟಿನ ಒಂದು ಹನಿಯನ್ನು ಕಡ್ಡಿಯಿಂದ ಮುಟ್ಟಿ ಎಳೆದರೆ ನೂಲಿನಂತಹ ಎಳೆ ಬರುತ್ತದೆ, ಅದನ್ನು ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ತಾಗಿಸಿ ಬಿಟ್ಟರಾಯಿತು. ಎರಡು ಎಳೆಗಳು ಸಾಕು. ಬೆನ್ನಿನ ಬಾಯಿಯ ಆ ಸ್ಪಾನ್‌ಗೆ ನಾನು ಎಳೆಗಳನ್ನು ಬೆನ್ನಿನ ಬಾಯಿಗಷ್ಟೇ ಹಾಕಿ, ಮುಖದ ಬಾಯಿಯನ್ನು ಮ್ಯಾಟ್ ವಾರ್ನಿಶ್ಶಿನಲ್ಲಿಯೇ ಬಿಟ್ಟಿದ್ದೇನೆ. ತಿನ್ನುವ ಕೆಲಸ ಈಗ ಯಾವ ಬಾಯಿಯದೆಂದು ಅದರಿಂದ ತಿಳಿಯುತ್ತದೆ.